ನಾನೂರ ತೊಂಬತ್ತೊಂಬತ್ತು (ಅ)

ನಂಬದವರು ಈಗಲೇ ಎದ್ದು ಹೋಗಬಹುದು. ಬಾಗಿಲು ತೆರೆದೇ ಇದೆ, ಯಾರೂ ಕೈ ಹಿಡಿದು ಎಳೆಯುವುದಿಲ್ಲ. ಅರ್ಧದಲ್ಲಿ ಎದ್ದು "ಇದೆಲ್ಲ ಬುರುಡೆ" ಅಂದರೆ ಮಾತ್ರ ಕೇಳುವವರಿಲ್ಲ. ಕೂತವರು ಕಿವಿ ಕೊಡಿ: ನಮ್ಮೂರ ಮಹಿಳಾ ಕಾಲೇಜಿನಲ್ಲಿ ನಾನೂರ ತೊಂಬತ್ತೊಂಬತ್ತರ ನಂತರ ಬರುವ ಸಂಖ್ಯೆ ನಾನೂರ ತೊಂಬತ್ತೊಂಬತ್ತು (ಅ) ಆಗಿರುತ್ತದೆ. ಇದು ಆಡಳಿತ ಮಂಡಳಿಯ ತೀರ್ಮಾನ. ಗಣಿತ ವಿಭಾಗದ ಮುಖ್ಯಸ್ಥರು ಇದನ್ನು ಪರಿಶೀಲಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಆಕ್ಷೇಪಣೆ ಇಲ್ಲ" ಎಂದು ಸಹಿ ಮಾಡಿದ್ದಾರೆ.

ಇದಕ್ಕೆಲ್ಲ ಕಾರಣ ಕೋಚಮ್ಮ.

ಕೋಚಮ್ಮ ಅಂದರೆ ಆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್. ಮೂವತ್ತೈದು ವರ್ಷದಿಂದ ಕತ್ತಿನಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕಟ್ಟಿಕೊಂಡ ಗಂಡನೇ ಕೋಚಮ್ಮ ಅಂತ ಕರೆಯುವಾಗ ಬೇರೆಯವರದ್ದೇನು? ಆಕೆ ಸೀಟಿ ಊದಿದರೆ ರಸ್ತೆಯಲ್ಲಿ ಹೋಗುವ ಸೈಕಲ್ ಸವಾರರು ಇಳಿದು ನಿಲ್ಲುತ್ತಿದ್ದರು, ಎದುರು ಮನೆಯ ಕೂಸು ಅಳು ನಿಲ್ಲಿಸುತ್ತಿತ್ತು. ಆಕೆಯ ಕೈಯಲ್ಲಿ ಪಳಗಿದ ಹುಡುಗಿಯರು ಕಣ್ಣು ಮುಚ್ಚಿ ಎಸೆದರೂ ಚೆಂಡು ಬುಟ್ಟಿಗೆ. ಕಣ್ಣು ಬಿಟ್ಟು ಎಸೆದರಂತೂ ಬುಟ್ಟಿಯೇ ಎರಡು ಹೆಜ್ಜೆ ಮುಂದೆ ಬಂದು ಹಿಡಿದುಕೊಳ್ಳುತ್ತಿತ್ತು. ಇಂಥ ಕೋಚ್ ಇನ್ನೊಬ್ಬರಿದ್ದರೆ ಕರೆದುಕೊಂಡು ಬನ್ನಿ, ನೋಡೋಣ.

ಆಟದ ಅಂಗಳ ಕಾಲೇಜಿನ ಹಿಂಬದಿಯಲ್ಲಿತ್ತು. ಕಾಂಕ್ರೀಟು ಹಾಕಿದ ಗುತ್ತಿಗೆದಾರ ಮಳೆನೀರು ಸರಾಗ ಹರಿದು ಹೋಗಲೆಂದು ಒಂದು ಮೂಲೆಗೆ ಇಳಿಜಾರು ಕೊಟ್ಟಿದ್ದ. ನೀರು ಹೋಗುತ್ತಿತ್ತು, ಚೆಂಡೂ ಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕು, ಹುಡುಗಿಯರು ನಿಜಕ್ಕೂ ಕುಣಿಯುತ್ತಿದ್ದರು.

ಆದರೆ ತಂಡ ತಾತ್ಕಾಲಿಕ. ಕಾಲೇಜಿನ ನಿಯಮಾವಳಿಯ ಹನ್ನೊಂದನೆಯ ನಿಯಮ ಹೀಗಿತ್ತು: "ಒಬ್ಬರೇ ಕೋಚ್ ಅವರ ಕೈಕೆಳಗೆ ಐನೂರು ಗೆಲುವು ಪಡೆದ ತಂಡವು ಕಾಯಂ ಎನಿಸತಕ್ಕದ್ದು. ಅಲ್ಲಿಯವರೆಗೆ ಕೋಚ್ ನಿವೃತ್ತರಾದ ದಿನವೇ ತಂಡವೂ ನಿವೃತ್ತವಾಗತಕ್ಕದ್ದು." ಇದನ್ನು ಬರೆದ ಪುಣ್ಯಾತ್ಮರಿಗೆ ಐನೂರರವರೆಗೆ ಎಣಿಸುವ ಹೆಂಗಸು ಹುಟ್ಟಿಯಾಳು ಎಂಬ ಅಂದಾಜು ಇರಲಿಲ್ಲ.

ಪ್ರಿನ್ಸಿಪಾಲರ ಕೋಣೆಯ ಗೋಡೆಯ ಮೇಲೆ ಒಂದು ನಕ್ಷೆ ತೂಗುಹಾಕಿತ್ತು. ತಂಡ ನಿವೃತ್ತವಾದ ಮೇಲೆ ಅಂಗಳವನ್ನು ಕಾರ್ ಶೆಡ್ ಮಾಡುವ ನಕ್ಷೆ. ಒಂದು ಬುಟ್ಟಿಯ ಕೆಳಗೆ ಪ್ರಿನ್ಸಿಪಾಲರ ಕಾರು, ಇನ್ನೊಂದರ ಕೆಳಗೆ ಮಂಡಳಿಯ ಕಾರ್ಯದರ್ಶಿಯ ಕಾರು. ನಡುವಿನ ವೃತ್ತದಲ್ಲಿ ಇನ್ನೂ ಕೊಳ್ಳದ ಒಂದು ಕಾರು. ಕೋಚಮ್ಮ ಆ ಕೋಣೆಗೆ ಹೋದಾಗಲೆಲ್ಲ ನಕ್ಷೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ಐವತ್ತೇಳನೆಯ ವಯಸ್ಸಿಗೆ ನಾನೂರ ತೊಂಬತ್ತೊಂಬತ್ತು ಗೆಲುವು ಆಯಿತು. ಇನ್ನೊಂದು ಬಾಕಿ. ಅರವತ್ತು ತುಂಬಿದರೆ ನಿವೃತ್ತಿ, ಅದಕ್ಕೆ ಇನ್ನೂ ಮೂರು ವರ್ಷ. ಗೆಲ್ಲುವುದು ಎಡಗೈ ಕೆಲಸ ಎಂದು ಹುಡುಗಿಯರು ನಗುತ್ತಿದ್ದರು. ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರಿಂದ ಕರೆ ಬಂತು.

"ಅಭಿನಂದನೆ ಮೇಡಂ," ಅಂದರು ಪ್ರಿನ್ಸಿಪಾಲರು. "ಶನಿವಾರದ ಆಟ ದಯವಿಟ್ಟು ಗೆಲ್ಲಬೇಡಿ."

"ಯಾಕೆ ಸಾರ್?"

"ಐನೂರು ಅನ್ನೋದು ಸೊನ್ನೆಯಲ್ಲಿ ಮುಗಿಯುತ್ತೆ."

"ಎರಡು ಸೊನ್ನೆ," ಎಂದು ತಿದ್ದಿದರು ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದ ಹೆಡ್ ಗುಮಾಸ್ತರು. ಇವರು ಬಾಯಿ ತೆಗೆದರೆ ಒಂದಲ್ಲ ಒಂದು ಉಪನಿಯಮ ಹೊರಗೆ ಬೀಳುತ್ತಿದ್ದುದರಿಂದ ಊರೆಲ್ಲ ಇವರನ್ನು ಉಪನಿಯಮ ಎಂದೇ ಕರೆಯುತ್ತಿತ್ತು. ಅವರು ಫೈಲು ಬಿಡಿಸಿ ಓದಿದರು: "ಮಂಡಳಿಯ ನಿನ್ನೆಯ ಠರಾವು. ಸೊನ್ನೆಯಲ್ಲಿ ಕೊನೆಗೊಳ್ಳುವ ಯಾವುದೇ ಸಂಖ್ಯೆಯನ್ನು ತಲುಪುವುದು ಸಮಾರಂಭ ಎನಿಸತಕ್ಕದ್ದು. ಸದರಿ ಸಂಖ್ಯೆಯನ್ನು ಶಾಶ್ವತ ಮುಖ್ಯ ಅತಿಥಿಗಳ ಗೈರುಹಾಜರಿಯಲ್ಲಿ ತಲುಪತಕ್ಕದ್ದಲ್ಲ."

ಶಾಶ್ವತ ಮುಖ್ಯ ಅತಿಥಿಗಳು ಕಾಲೇಜಿಗೆ ಒಂದು ಗೇಟು, ಎರಡು ಕಲ್ಲುಬೆಂಚು ಕೊಟ್ಟ ದೊಡ್ಡ ಮನುಷ್ಯರು. ಅವರು ಹಿಂದೊಮ್ಮೆ ಯಾವುದೋ ಸಮಾರಂಭಕ್ಕೆ ತಮ್ಮನ್ನು ಕರೆಯದೆ ಹೋದದ್ದಕ್ಕೆ ಮುನಿದು ಮೂರನೆಯ ಬೆಂಚು ಕೊಡದೆ ಇದ್ದರು. ಮಂಡಳಿ ಅದರಿಂದ ಪಾಠ ಕಲಿತಿತ್ತು.

"ಹಾಗಾದರೆ ಶನಿವಾರ ಅವರನ್ನೇ ಕರೀರಿ," ಅಂದರು ಕೋಚಮ್ಮ.

"ಅವರಿಗೆ ಬಿಡುವಿಲ್ಲ."

"ಯಾವಾಗ ಬಿಡುವು?"

"ಅದನ್ನ ತಿಳಿಸೋಕೂ ಅವರಿಗೆ ಬಿಡುವಿಲ್ಲ," ಅಂದರು ಪ್ರಿನ್ಸಿಪಾಲರು. ಅವರ ಕಣ್ಣು ಕೋಚಮ್ಮನ ತಲೆಯ ಮೇಲಿಂದ ಹಾದು ನಕ್ಷೆಯ ಮೇಲೆ ಕೂತಿತ್ತು.

ಕೋಚಮ್ಮನ ಗಂಡ ದರ್ಜಿ. ತಂಡದ ಬನಿಯನ್ನುಗಳಿಗೆ ಸಂಖ್ಯೆ ಹೊಲಿದು ಹೊಲಿದೇ ಅವರ ಮೂಗಿನ ಮೇಲೆ ಕನ್ನಡಕ ಬಂದಿತ್ತು. ಮನೆಗೆ ಬಂದ ಹೆಂಡತಿಯ ಮುಖ ನೋಡಿ ಮೆಷಿನ್ನಿನ ಮೇಲಿಂದ ಕಾಲು ತೆಗೆದರು.

"ಏನಾಯ್ತು?"

"ಹುಡುಗೀರಿಗೆ ಸೋಲೋದು ಹೇಗೆ ಅಂತ ಹೇಳಿಕೊಡಬೇಕಂತೆ."

"ನಿನಗೆ ಬರುತ್ತಾ?"

"ಅದೇ ಯೋಚನೆ."

"ನಾನು ಬರಲಾ? ಮದುವೆ ಆದಾಗಿನಿಂದ ನನಗೆ ಅದರದ್ದೇ ಅಭ್ಯಾಸ," ಎಂದು ದರ್ಜಿ ಸೂಜಿಗೆ ನೂಲು ಪೋಣಿಸಿದರು.

"ನಗಬೇಡಿ ಕಣ್ರೀ. ಈ ಒಂದು ಗೆಲುವು ಸಿಗದೆ ನಾನು ಮನೆಗೆ ಬಂದರೆ ಆ ಮಕ್ಕಳ ಕಾಲಡಿಯ ನೆಲ ಹೋಗುತ್ತೆ. ಕಾರು ತಂದು ನಿಲ್ಲಿಸ್ತಾರೆ."

ದರ್ಜಿ ನಗು ನುಂಗಿದರು. "ನೀನು ಕಲಿಸು. ಕಲಿಯೋದು ಬಿಡೋದು ಅವರಿಗೆ ಬಿಟ್ಟದ್ದು," ಅಂದರು.

ಶನಿವಾರ ಕೋಚಮ್ಮ ತಂಡವನ್ನು ಸಾಲಾಗಿ ನಿಲ್ಲಿಸಿ ಆದೇಶವನ್ನು ಮೊದಲ ಅಕ್ಷರದಿಂದ ಕೊನೆಯ ಸಹಿಯವರೆಗೆ ಓದಿದರು. ನಾಯಕಿ ಹುಡುಗಿಗೆ ಏಣಿ ಎಂದು ಅಡ್ಡಹೆಸರು. ಬಾಗಿಲಲ್ಲಿ ಬಗ್ಗಿ ಬಗ್ಗಿ ಅವಳ ಬೆನ್ನಿಗೆ ಅದೇ ರೂಢಿಯಾಗಿತ್ತು.

"ಅಂದರೆ ಬುಟ್ಟಿಗೆ ಹಾಕಬಾರದಾ ಮೇಡಂ?" ಅಂದಳು ಏಣಿ.

"ಗೆಲ್ಲಬಾರದು ಅಂತ ಬರೆದಿದೆ. ನಾನು ಓದಿದೆ, ನೀವು ಕೇಳಿದಿರಿ. ಚೆಂಡಿಗೆ ಓದು ಬರಲ್ಲ."

ಹುಡುಗಿಯರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು, ಅದರಲ್ಲಿ ಎರಡು ಮಾತಿಲ್ಲ. ಎಡಗೈಯಲ್ಲಿ ಎಸೆದರು, ಬಿತ್ತು. ಅಂಗಳದ ಆ ತುದಿಯಿಂದ ಎಸೆದರು, ಬಿತ್ತು. ಏಣಿಯಂತೂ ಬುಟ್ಟಿಗೆ ಬೆನ್ನು ಹಾಕಿ ನಿಂತು, ಚೆಂಡು ಹೊರಗೆ ರಸ್ತೆಗೆ ಹೋಗಲಿ ಎಂದು ತಲೆಯ ಮೇಲಿಂದ ಹಿಂದಕ್ಕೆ ಬೀಸಿದಳು. ಬುಟ್ಟಿಯ ಹಿಂದಿನ ಹಲಗೆಗೆ ಬಡಿಯಿತು, ಬಿತ್ತು. ಎದುರು ತಂಡದವರು ಇದನ್ನು ಹೊಸ ತಂತ್ರವೆಂದು ತಿಳಿದು ಬೆವರಿದರು. ಆಟ ಮುಗಿದಾಗ ಅರವತ್ತೊಂದು, ಇಪ್ಪತ್ನಾಲ್ಕು. ಹುಡುಗಿಯರು ತಲೆ ತಗ್ಗಿಸಿ ಕ್ಷಮೆ ಕೇಳಿದರು. ಕೋಚಮ್ಮ ಮುಖ ಬಿಗಿದುಕೊಂಡು, "ಮುಂದಿನ ಸಲ ಹೀಗಾಗಬಾರದು," ಎಂದು ಗದರಿ, ಬೆನ್ನು ತಿರುಗಿಸಿದ ಕೂಡಲೇ ಹಲ್ಲು ಕಿಸಿದರು.

ಪ್ರಿನ್ಸಿಪಾಲರು ತಲೆಯ ಮೇಲೆ ಕೈ ಹೊತ್ತರು. ಗೆಲುವನ್ನು ಬರೆದುಕೊಂಡರೆ ಅತಿಥಿಗಳು ಮುನಿಯುತ್ತಾರೆ; ಬರೆಯದಿದ್ದರೆ ದಾಖಲೆ ಸುಳ್ಳಾಗುತ್ತದೆ. ಆಗ ಉಪನಿಯಮ ಕೆಮ್ಮಿದರು. ಅವರು ಕೆಮ್ಮಿದರೆ ದಾರಿ ಸಿಕ್ಕಿತೆಂದು ಅರ್ಥ.

"ಸಾರ್, ಎರಡು ಪತ್ರಗಳ ನಡುವೆ ಹೊಸ ಪತ್ರ ಬಂದರೆ ಫೈಲಿನಲ್ಲಿ ಏನು ಮಾಡ್ತೀವಿ? ಹನ್ನೆರಡು ಆದಮೇಲೆ ಹನ್ನೆರಡು (ಅ)."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸುತ್ತೋಲೆ ಹೊರಟಿತು: "ಮುಖ್ಯ ಅತಿಥಿಗಳ ದಿನಾಂಕ ದೊರೆಯುವವರೆಗೆ ಎಲ್ಲ ಗೆಲುವುಗಳನ್ನು ನಾನೂರ ತೊಂಬತ್ತೊಂಬತ್ತರ ಉಪಗೆಲುವುಗಳೆಂದು ಭಾವಿಸತಕ್ಕದ್ದು."

ಠರಾವು ಸೊನ್ನೆಗಳೆಲ್ಲಕ್ಕೂ ಅನ್ವಯವಾದದ್ದರಿಂದ ಕಾಲೇಜಿನಲ್ಲಿ ಬೇರೆ ಸಣ್ಣಪುಟ್ಟ ಹೊಂದಾಣಿಕೆಗಳಾದವು. ಹೊಸದಾಗಿ ಸೇರಿದ ಒಬ್ಬ ಹುಡುಗಿ ಮೂರು ವರ್ಷ ಸಾವಿರದ ನೂರ ತೊಂಬತ್ತೊಂಬತ್ತು (ಅ) ಆಗಿ ಓದಿ, ಅದೇ ಸಂಖ್ಯೆಯಲ್ಲಿ ಪರೀಕ್ಷೆ ಪಾಸು ಮಾಡಿದಳು. ಹತ್ತು ಗಂಟೆ ಹೊಡೆಯಬಹುದೇ ಎಂದು ಜವಾನ ಲಿಖಿತವಾಗಿ ಕೇಳಿದ. ಒಂಬತ್ತು ಹೊಡೆದು, ನೀರು ಕುಡಿದು ಬಂದು, ಒಂದು ಹೊಡೆಯುವಂತೆ ಲಿಖಿತವಾಗಿಯೇ ಉತ್ತರ ಹೋಯಿತು. ಯಾರಿಗೂ ತೊಂದರೆಯಾಗಲಿಲ್ಲ.

ಇತ್ತ ಹುಡುಗಿಯರು ಗೆಲ್ಲುತ್ತ ಹೋದರು. (ಆ), (ಇ), (ಈ). ಬೇರೆ ಊರುಗಳಲ್ಲಿ ಗೆದ್ದರು, ಮಳೆಯಲ್ಲಿ ಗೆದ್ದರು, ಏಣಿಗೆ ಜ್ವರವಿದ್ದಾಗಲೂ ಗೆದ್ದರು. ಏಳನೆಯ ಗೆಲುವಿಗೆ ಒಂದು ತೊಡಕು ಬಂತು. ಋ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ? ಕನ್ನಡ ವಿಭಾಗದ ಇಬ್ಬರು ಅಧ್ಯಾಪಕರ ಸಮಿತಿ ಕೂತಿತು. ಅವರು ಹನ್ನೆರಡು ವರ್ಷದಿಂದ ಪರಸ್ಪರ ಮಾತು ಬಿಟ್ಟಿದ್ದವರು. ಋಕಾರದ ದೆಸೆಯಿಂದ ಮತ್ತೆ ಬೈದಾಡುವಷ್ಟು ಹತ್ತಿರವಾದರು. ಸಮಿತಿಯ ವರದಿ ಬರುವಷ್ಟರಲ್ಲಿ ತಂಡ (ಔ) ತಲುಪಿತ್ತು. ಮುಂದೆ ಙ ಬಂದಾಗ, ಆ ಅಕ್ಷರದಿಂದ ಕನ್ನಡದಲ್ಲಿ ಒಂದು ಪದವೂ ಶುರುವಾಗದಿರುವಾಗ ಗೆಲುವು ಹೇಗೆ ಶುರುವಾದೀತು ಎಂದು ಸೋತ ಕಾಲೇಜಿನವರು ದೂರು ಕೊಟ್ಟರು. ಉಪನಿಯಮ ಅದರ ಮೇಲೆ "ಙಕಾರದಲ್ಲಿಯೇ" ಎಂದು ಷರಾ ಬರೆದು ತಿರುಗಿಸಿ ಕಳಿಸಿದರು. ಅದರ ಅರ್ಥ ಇಂದಿಗೂ ಯಾರಿಗೂ ಗೊತ್ತಿಲ್ಲ. ದೂರು ಮಾತ್ರ ಮತ್ತೆ ಬರಲಿಲ್ಲ.

ಹೀಗೆ ಹೆಚ್ಚುಕಡಿಮೆ ಮೂರು ವರ್ಷ. ತಿಂಗಳಿಗೊಂದು ಪತ್ರದಂತೆ ಮುಖ್ಯ ಅತಿಥಿಗಳಿಗೆ ಬರೆದಾಗಿತ್ತು. ಕೋಚಮ್ಮನ ಎದೆಯಲ್ಲಿ ಮಾತ್ರ ದಿನ ದಿನಕ್ಕೂ ಕಲ್ಲು ಭಾರವಾಗುತ್ತಿತ್ತು. ವರ್ಣಮಾಲೆ ಮುಗಿಯುತ್ತ ಬಂತು, ವಯಸ್ಸೂ ಮುಗಿಯುತ್ತ ಬಂತು. ಐವತ್ತೊಂಬತ್ತು ತುಂಬಿ ತಿಂಗಳುಗಳು ಉರುಳಿದವು. ತಂಡ (ಳ) ಮುಟ್ಟಿದ ವಾರವೇ, ನಿವೃತ್ತಿಗೆ ಐದು ವಾರ ಇರುವಾಗ, ದಿನಾಂಕ ಬಂತು: ಮುಂದಿನ ಗುರುವಾರ, ಮಧ್ಯಾಹ್ನ ಮೂರಕ್ಕೆ.

ಕಾಲೇಜು ಎದ್ದು ನಿಂತಿತು. "ಐನೂರನೆಯ ಗೆಲುವಿನ ಮಹೋತ್ಸವ" ಎಂದು ಬಟ್ಟೆಯ ಬ್ಯಾನರು ಕಟ್ಟಿದರು. ವೇದಿಕೆಗೆ ವಿಶಾಲವಾದ ಜಾಗ ಬೇಕಿತ್ತು. ಕಾಲೇಜಿನಲ್ಲಿದ್ದ ವಿಶಾಲವಾದ ಜಾಗ ಒಂದೇ. ಆದ್ದರಿಂದ ವೇದಿಕೆಯನ್ನು ಆಟದ ಅಂಗಳದ ನಟ್ಟನಡುವೆ ಕಟ್ಟಲಾಯಿತು.

"ಆಟ ಎಲ್ಲಿ ಆಡೋದು ಸಾರ್?" ಅಂದರು ಕೋಚಮ್ಮ.

"ಸುತ್ತಲೂ ಜಾಗ ಇದೆಯಲ್ಲ ಮೇಡಂ," ಅಂದರು ಪ್ರಿನ್ಸಿಪಾಲರು.

ಗುರುವಾರ ಮುಖ್ಯ ಅತಿಥಿಗಳು ಐದಕ್ಕೆ ಬಂದರು. ಅಷ್ಟು ಹೊತ್ತಿಗೆ ಎದುರು ತಂಡದವರು ಬೂಟಿನ ದಾರವನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದ್ದರು. ಭಾಷಣ ಮುಗಿಸಿ, ಅತಿಥಿಗಳು ಒಂದು ಚೆಂಡು ಎಸೆದು ಆಟವನ್ನು ಉದ್ಘಾಟಿಸುವುದೆಂದು ಕಾರ್ಯಕ್ರಮ ಪಟ್ಟಿಯಲ್ಲಿತ್ತು. ಎಸೆದರು. ಚೆಂಡು ಬುಟ್ಟಿಯ ಅರ್ಧ ಎತ್ತರಕ್ಕೂ ಹೋಗಲಿಲ್ಲ. ಚಪ್ಪಾಳೆ.

"ಇನ್ನೊಂದು ಸಲ," ಅಂದರು ಅತಿಥಿಗಳು. "ನಾನು ಕೈ ಹಾಕಿದ ಕೆಲಸ ಅರ್ಧಕ್ಕೆ ಬಿಟ್ಟವನಲ್ಲ."

ಎರಡನೆಯದು ಕಾರ್ಯದರ್ಶಿಯ ತಲೆಗೆ ಬಿತ್ತು. ಚಪ್ಪಾಳೆ. ಹತ್ತನೆಯದು ಬ್ಯಾನರಿಗೆ. ಚಪ್ಪಾಳೆ. ಅತಿಥಿಗಳು ಕೋಟು ಬಿಚ್ಚಿದರು. ಮೂವತ್ತಾಯಿತು, ನಲವತ್ತಾಯಿತು. ನೋಡಲಾರದೆ ಕೋಚಮ್ಮ ವೇದಿಕೆ ಹತ್ತಿದರು.

"ಕಾಲು ಅಗಲಿಸಿ ಸಾರ್. ಮಂಡಿ ಬಗ್ಗಿಸಿ. ಮೊಣಕೈ ಒಳಗೆ. ಬಾಯಿ ಮುಚ್ಚಿ."

ಬಾಯಿ ಮುಚ್ಚಿ ಎಂದು ಆ ಮನುಷ್ಯರಿಗೆ ನಲವತ್ತು ವರ್ಷದಿಂದ ಯಾರೂ ಹೇಳಿರಲಿಲ್ಲ. ಅವರು ಮುಚ್ಚಿದರು.

ಅಷ್ಟರಲ್ಲಿ ಎದುರು ತಂಡದ ಬಸ್ಸಿನ ಡ್ರೈವರು ಬಂದು, "ನನ್ನ ಡ್ಯೂಟಿ ಆರೂವರೆಗೆ ಮುಗಿಯಿತು ಕಣ್ರಮ್ಮ. ಬರೋರು ಬನ್ನಿ, ಇರೋರು ನಡೆದುಕೊಂಡು ಬನ್ನಿ," ಎಂದು ಹೇಳಿ ಹಾರನ್ ಬಾರಿಸಿದ. ಎದುರು ತಂಡ ಹತ್ತಿ ಹೊರಟಿತು. ಬಸ್ಸು ಗೇಟು ದಾಟುವಾಗ ಅರವತ್ತಮೂರನೆಯ ಎಸೆತ ಹಲಗೆಗೆ ಬಡಿದು, ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಸುತ್ತಿ, ಒಳಗೆ ಬಿತ್ತು. ಅತಿಥಿಗಳು ಕೂಸಿನ ಹಾಗೆ ಕುಣಿದರು. ಕೋಚಮ್ಮನಿಗೂ ಅರೆಗಳಿಗೆ ಖುಷಿಯಾಯಿತು; ಯಾರದೇ ಆಗಲಿ, ಮೊದಲ ಬುಟ್ಟಿ ಮೊದಲ ಬುಟ್ಟಿಯೇ.

ಉಪನಿಯಮ ಕೆಮ್ಮಿದರು. ಪುಸ್ತಕ ತೆರೆದು, ಎಲ್ಲರೂ ನೋಡುತ್ತಿರುವಂತೆ ಬರೆದರು: "ಎದುರಾಳಿ ಗೈರುಹಾಜರು. ಅಂತಿಮ ಅಂಕ ಎರಡು, ಸೊನ್ನೆ. ಐನೂರನೆಯ ಗೆಲುವು: ಶಾಶ್ವತ ಮುಖ್ಯ ಅತಿಥಿಗಳು."

"ಅದು ನನ್ನ ತಂಡದ್ದು!" ಅಂದರು ಕೋಚಮ್ಮ.

"ತಂಡದವರು ಯಾರೂ ಎಸೆಯಲಿಲ್ಲವಲ್ಲ ಮೇಡಂ. ನಿಮ್ಮದು (ಳ) ವರೆಗೆ ಭದ್ರವಾಗಿದೆ."

ಐನೂರನೆಯ ಗೆಲುವಿನ ಫಲಕವನ್ನು ಅತಿಥಿಗಳೇ ಅತಿಥಿಗಳಿಗೆ ಪ್ರದಾನ ಮಾಡಿಕೊಂಡರು. ಮೂರನೆಯ ಬೆಂಚನ್ನು ಅಲ್ಲಿಯೇ ಘೋಷಿಸಿದರು. ಏಣಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. "ಎತ್ತರ ಇರೋರು ಅತ್ತರೆ ಕಣ್ಣೀರು ಕೆಳಗೆ ಬರೋಕೆ ಬಹಳ ಹೊತ್ತು ಬೇಕು ಕಣೇ, ಸಾಕು ಮಾಡು," ಎಂದರು ಕೋಚಮ್ಮ. ಆದರೆ ಮನೆಗೆ ನಡೆಯುವಾಗ ಅವರ ಸೀಟಿ ಕತ್ತಿನಲ್ಲಿ ಸುಮ್ಮನೆ ತೂಗುತ್ತಿತ್ತು.

ಬೆಳಿಗ್ಗೆ ದರ್ಜಿ ಕೇಳಿದರು, "ಹುಟ್ಟಿದ ದಿನಕ್ಕೆ ಹೊಸ ಅಂಗಿ ಹೊಲಿಯಲಾ? ಅರವತ್ತು ಅಂದರೆ ದೊಡ್ಡ ಸಂಖ್ಯೆ."

ಕೋಚಮ್ಮ ಬೂಟಿನ ದಾರ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. "ಇನ್ನೊಂದು ಸಲ ಹೇಳಿ."

"ಅರವತ್ತು."

ಕೋಚಮ್ಮ ಗಂಡನ ಕೆನ್ನೆ ಹಿಂಡಿ, ದಾರ ಬಿಚ್ಚಿದ್ದ ಬೂಟಿನಲ್ಲಿಯೇ ಕಾಲೇಜಿಗೆ ಓಡಿದರು. ಅವರು ಚಾಪೆಯ ಕೆಳಗೆ ತೂರಿದರೆ ನೀನು ರಂಗೋಲಿಯ ಕೆಳಗೆ ತೂರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಪ್ರಿನ್ಸಿಪಾಲರ ಕೋಣೆಯಲ್ಲಿ ಗುತ್ತಿಗೆದಾರ ಅಳತೆ ಟೇಪು ಹಿಡಿದು ಕೂತಿದ್ದ. ಕೋಚಮ್ಮ ಈ ಸಲ ನಕ್ಷೆಗೆ ಮುಖ ಮಾಡಿಯೇ ಕೂತು, ಒಂದು ಅರ್ಜಿ ಮೇಜಿನ ಮೇಲಿಟ್ಟರು.

"ಏನಿದು ಮೇಡಂ?"

"ಮುಂದಿನ ತಿಂಗಳು ನನಗೆ ಅರವತ್ತು ಆಗುತ್ತೆ ಸಾರ್. ಸೊನ್ನೆಯಲ್ಲಿ ಮುಗಿಯುತ್ತೆ. ಶಾಶ್ವತ ಮುಖ್ಯ ಅತಿಥಿಗಳಿಲ್ಲದೆ ನಾನು ಹೇಗೆ ತಲುಪಲಿ? ನಾನು ನಿಯಮ ಮುರಿದವಳಲ್ಲ."

ಪ್ರಿನ್ಸಿಪಾಲರು ಉಪನಿಯಮದ ಮುಖ ನೋಡಿದರು. ಉಪನಿಯಮ ಅರ್ಜಿಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಠರಾವಿನ ಪಕ್ಕ ಇಟ್ಟು ಸಾಲು ಸಾಲು ತಾಳೆ ನೋಡಿದರು. ಆ ಮುಖದ ಮೇಲೆ ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ಕಾಣದ ಒಂದು ತೇಜಸ್ಸು ಹಬ್ಬಿತು. ತನಗಿಂತ ಚೆನ್ನಾಗಿ ಫೈಲು ಓದುವವರನ್ನು ಅವರು ಮೊದಲ ಸಲ ನೋಡುತ್ತಿದ್ದರು.

"ಕ್ರಮಬದ್ಧವಾಗಿದೆ ಸಾರ್," ಅಂದರು ಭಕ್ತಿಯಿಂದ.

"ಏನ್ರೀ ಕ್ರಮಬದ್ಧ? ವಯಸ್ಸು ತಾನಾಗಿಯೇ ಆಗುತ್ತೆ!"

"ಗೆಲುವೂ ತಾನಾಗಿಯೇ ಆಗ್ತಿತ್ತು ಸಾರ್. ನಾವು ತಡೆದಿಲ್ಲವಾ?"

"ಹಾಗಾದರೆ ಅತಿಥಿಗಳನ್ನೇ ಕರೆಸಿ! ನಾಳೆಯೇ ಕರೆಸಿ!"

ಕರೆದರು. ಉತ್ತರ ಎಂಟೇ ದಿನದಲ್ಲಿ ಬಂತು. ಮುಖ್ಯ ಅತಿಥಿಗಳು ಐನೂರು ಗೆಲುವಿನ ಕೋಚ್ ಎಂದು ಪ್ರಸಿದ್ಧರಾಗಿ ಊರೂರಲ್ಲಿ ಸನ್ಮಾನ ಸ್ವೀಕರಿಸುತ್ತಿರುವುದರಿಂದ ನಾಲ್ಕು ವರ್ಷ ಬಿಡುವಿಲ್ಲ. ಪತ್ರದ ಕೊನೆಗೆ ಅವರು ಕೈಯಾರೆ ಬರೆದಿದ್ದರು: "ಮೊಣಕೈ ಈಗ ಒಳಗೇ ಇರುತ್ತದೆ ಎಂದು ಮೇಡಂ ಅವರಿಗೆ ತಿಳಿಸುವುದು."

ಮಂಡಳಿ ಸಭೆ ಸೇರಿತು. ಠರಾವನ್ನು ರದ್ದು ಮಾಡೋಣವೆಂದರೆ ಅತಿಥಿಗಳ ಐನೂರೂ ರದ್ದಾಗುತ್ತದೆ, ಹಾಕಿದ ಬೆಂಚು ಎದ್ದು ಹೋಗುತ್ತದೆ. ಎರಡು ಗಂಟೆ ಚರ್ಚಿಸಿ, ಚಹಾ ಕುಡಿದು, ಕೋಚಮ್ಮನ ಅರ್ಜಿಯನ್ನು ಒಮ್ಮತದಿಂದ ಒಪ್ಪಿದರು. ಗಣಿತ ವಿಭಾಗದ ಮುಖ್ಯಸ್ಥರು ಈ ಸಲ ಕನ್ನಡಕ ಒರೆಸದೆಯೇ ಸಹಿ ಹಾಕಿದರು. ಗುತ್ತಿಗೆದಾರ ಟೇಪು ಸುತ್ತಿಕೊಂಡ. ಮುಂದಿನ ಗೆಲುವುಗಳಿಗೆ ಅಕ್ಷರ ಎಲ್ಲಿಂದ ತರುವುದು ಎಂದು ಪ್ರಿನ್ಸಿಪಾಲರು ಕೇಳಿದಾಗ ಉಪನಿಯಮ, "ಕಾಗುಣಿತ ಇದೆಯಲ್ಲ ಸಾರ್. ಕಾ, ಕಿ, ಕೀ. ಅವರ ಮೊಮ್ಮಕ್ಕಳ ಕಾಲಕ್ಕೂ ಸಾಕು," ಎಂದು ಧೈರ್ಯ ತುಂಬಿದರು.

ಹುಟ್ಟಿದ ದಿನದ ಬೆಳಿಗ್ಗೆ ದರ್ಜಿ ಹೊಸ ಅಂಗಿ ಕೊಟ್ಟರು. ಬೆನ್ನ ಮೇಲೆ ಕೆಂಪು ದಾರದಲ್ಲಿ ವಯಸ್ಸು ಹೊಲಿದಿತ್ತು. "ನನಗೆ ಅರವತ್ನಾಲ್ಕು ನಡೀತಿದೆ. ನೀನು ಅಲ್ಲೇ ನಿಂತರೆ ಜನ ಏನಂದುಕೋತಾರೆ?" ಅಂದರು. "ಅದೃಷ್ಟವಂತ ಅಂತಾರೆ," ಎಂದು ಕೋಚಮ್ಮ ಸೀಟಿ ಕತ್ತಿಗೆ ಹಾಕಿಕೊಂಡರು.

ಕೋಚಮ್ಮನಿಗೆ ಕೊನೆಗೆ ಕೊಟ್ಟದ್ದು ಇಷ್ಟು: ವಯಸ್ಸು ಐವತ್ತೊಂಬತ್ತು (ಅ) ಎಂಬ ಒಂದು ಹಾಳೆಯ ಆದೇಶ, ಹನ್ನೆರಡು ಹುಡುಗಿಯರು, ಮತ್ತು ದಿನಾ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಅಂಗಳ.